ನಡುವಿನ ಮನೆಯ ವರಮಾನವೆಷ್ಟು?

(ಅರಸೀಕೆರೆಯಲ್ಲಿ ಗಿರಣಿ ಕೆಲಸಗಾರರೂ ಚಿಲ್ಲರೆ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ನಾನು ಒಂದೇ ಒಂದು ಅಂಕಿಯ ವಿಷಯವನ್ನು ಮಾತಾಡಲು ಬಂದಿದ್ದೇನೆ. ಅರಸೀಕೆರೆ, ಬೇಲೂರು, ಹಳೇಬೀಡು ಈ ಸೀಮೆಯ ಹಳ್ಳಿಗಳಲ್ಲಿ ಒಂದು ಸಾಧಾರಣ ಸಂಸಾರದ ವರಮಾನ ಎಷ್ಟು? ಹತ್ತಿಪ್ಪತ್ತು ವರ್ಷಗಳಲ್ಲಿ ಅದು ಏರಿತೋ ಇಳಿಯಿತೋ? ಇದೇನು ಮೇಷ್ಟರ ಲೆಕ್ಕದ ಪಾಠವೆಂದು ಮುಖ ತಿರುಗಿಸಬೇಡಿ. ನಿಮ್ಮಲ್ಲಿ ಬಹಳ ಜನರ ಮನೆಯ ಅಕ್ಕಿ ಈ ಅಂಕಿಯ ಮೇಲೆ ನಿಂತಿದೆ.

ನನಗೆ ಗೊತ್ತಿರುವ ಒಬ್ಬ ತಾಯಿ ಇದ್ದಾರೆ. ಕಾಯಿ ಸುಲಿಯುವ ಕಡೆ ಕೂಲಿ, ಮಳೆ ಬಿದ್ದರೆ ಮುಕ್ಕಾಲು ಎಕರೆ ರಾಗಿ, ಮನೆಯಲ್ಲಿ ಒಂದು ಹಸು. ಮಗನ ವಿದ್ಯಾರ್ಥಿವೇತನಕ್ಕೆ ವರಮಾನದ ಪತ್ರ ಬೇಕಾಗಿ ಒಂದು ಕಚೇರಿಗೆ ಹೋದರು. "ವರ್ಷಕ್ಕೆ ಎಷ್ಟಮ್ಮ ವರಮಾನ?" ಎಂದು ಗುಮಾಸ್ತರು ಕೇಳಿದರು. "ಯಾವ ವರ್ಷದ್ದು ಸ್ವಾಮಿ? ಹೋದ ವರ್ಷ ರಾಗಿ ಬರಲಿಲ್ಲ, ಅದಕ್ಕೆ ಮುಂಚಿನ ವರ್ಷ ಎಂಟು ಚೀಲ ಬಂತು, ಮಾರಲಿಲ್ಲ, ಉಂಡೆವು" ಎಂದರು ಈ ತಾಯಿ. ಗುಮಾಸ್ತರಿಗೆ ಹೊತ್ತಾಗಿತ್ತು. ಹಿಂದಿನವರಿಗೆ ಬರೆದ ಅಂಕಿಯನ್ನೇ ಇವರಿಗೂ ಬರೆದುಕೊಟ್ಟರು. ಆ ತಾಯಿಯ ಪ್ರಶ್ನೆ ಇದೆಯಲ್ಲ, ಯಾವ ವರ್ಷದ್ದು, ಉಂಡದ್ದು ಲೆಕ್ಕವೋ ಅಲ್ಲವೋ ಎಂಬುದು, ಅದಕ್ಕೆ ದೆಹಲಿಯ ದೊಡ್ಡ ಪಂಡಿತರೇ ಎಪ್ಪತ್ತು ವರ್ಷಗಳಿಂದ ತಡಕಾಡುತ್ತಿದ್ದಾರೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಅಕ್ಕಿಯ ಮಾತು. 2024ರ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ಬಿ.ಪಿ.ಎಲ್. ಕಾರ್ಡುಗಳನ್ನು ರದ್ದುಮಾಡುವ ಗದ್ದಲ ಎದ್ದದ್ದು ನಿಮಗೆಲ್ಲ ನೆನಪಿದೆ. ಜನ ಕೂಗೆಬ್ಬಿಸಿದ ಮೇಲೆ, ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರು ಹೊರತು ಉಳಿದವರ ಕಾರ್ಡುಗಳನ್ನು ಹಿಂದಕ್ಕೆ ಕೊಡಿ ಎಂದು ಸರ್ಕಾರವೇ ಹೇಳಬೇಕಾಯಿತು. ಆಗ ಇದ್ದ ವರಮಾನದ ಮಿತಿ ವರ್ಷಕ್ಕೆ 1 ಲಕ್ಷ 20 ಸಾವಿರ, ಅಂದರೆ ಮನೆಗೆ ತಿಂಗಳಿಗೆ 10 ಸಾವಿರ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದು ಅಂಕಿ ಕೇಳಿ. 2018-19ರಲ್ಲಿ ಕೇಂದ್ರ ಸರ್ಕಾರದ ಮಾದರಿ ಸಮೀಕ್ಷೆಯವರು ಕರ್ನಾಟಕದ ಒಂದು ಒಕ್ಕಲು ಸಂಸಾರದ ಸರಾಸರಿ ವರಮಾನ ತಿಂಗಳಿಗೆ 13,441 ರೂಪಾಯಿ ಎಂದು ಲೆಕ್ಕ ಹಾಕಿದರು. ವರ್ಷಕ್ಕೆ 1 ಲಕ್ಷ 61 ಸಾವಿರಕ್ಕೆ ಮಿಕ್ಕಿತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟ ಯಾವ ಜಾಣನಾದರೂ ಏನು ಹೇಳುತ್ತಾನೆ? "ನೋಡಿ, ಸರಾಸರಿ ರೈತನೇ ಬಡತನದ ಗೆರೆ ದಾಟಿದ್ದಾನೆ, ಇಷ್ಟೊಂದು ಕಾರ್ಡು ಎಲ್ಲಿಂದ ಬಂತು? ಅರ್ಧಕ್ಕರ್ಧ ಸುಳ್ಳು ಕಾರ್ಡು." ಈ ಮಾತು ಪತ್ರಿಕೆಯಲ್ಲೂ ಬರುತ್ತದೆ, ಬಸ್ಸಿನಲ್ಲೂ ಕೇಳುತ್ತದೆ. ಇದು ಎಲ್ಲಿ ತಪ್ಪುತ್ತದೆ ಎಂಬುದನ್ನು ನಾವು ಹಿಡಿಯಬೇಕು.

ಒಂದು ಬೀದಿಯಲ್ಲಿ ಹನ್ನೊಂದು ಮನೆ ಎಂದಿಟ್ಟುಕೊಳ್ಳಿ. ಬೇಲೂರಿನ ಮಲೆನಾಡಿನ ಕಡೆಯ ಬೀದಿ ಎಂದೇ ಇಟ್ಟುಕೊಳ್ಳಿ. ತಿಂಗಳ ವರಮಾನವನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸೋಣ. 5 ಸಾವಿರ, 6, 7, 7, 8, 9, 10, 12, 15, 21, ಕೊನೆಗೆ ಕಾಫಿ ತೋಟದ ಸಾಹುಕಾರರ ಮನೆ, 1 ಲಕ್ಷ 20 ಸಾವಿರ. ಎಲ್ಲ ಕೂಡಿದರೆ 2 ಲಕ್ಷ 20 ಸಾವಿರ. ಹನ್ನೊಂದರಿಂದ ಭಾಗಿಸಿದರೆ ಸರಾಸರಿ 20 ಸಾವಿರ. ಆದರೆ ಆ ಬೀದಿಯಲ್ಲಿ 20 ಸಾವಿರ ಕಂಡ ಮನೆ ಎಷ್ಟು? ಎರಡೇ. ಒಂಬತ್ತು ಮನೆಗಳು ಸರಾಸರಿಗಿಂತ ಕೆಳಗೆ! ಈಗ ಸಾಲಿನ ನಡುವೆ ನಿಂತ ಮನೆಯನ್ನು ನೋಡಿ. ಈ ಕಡೆ ಐದು, ಆ ಕಡೆ ಐದು, ನಡುವಿನದು ಆರನೆಯದು. ಅದರ ವರಮಾನ 9 ಸಾವಿರ. ಇದಕ್ಕೆ ಗಣಿತದವರು ಮಧ್ಯಾಂಕ ಎನ್ನುತ್ತಾರೆ. ನಾನು ನಡುವಿನ ಮನೆ ಎನ್ನುತ್ತೇನೆ. ಮುಂದಿನ ವರ್ಷ ಕಾಫಿಗೆ ಬೆಲೆ ಬಂದು ಸಾಹುಕಾರರ ವರಮಾನ ಎರಡು ಪಟ್ಟಾಯಿತೆನ್ನಿ. ಸರಾಸರಿ 20 ಸಾವಿರದಿಂದ 31 ಸಾವಿರದ ಹತ್ತಿರಕ್ಕೆ ಹಾರುತ್ತದೆ. ಬೀದಿಯೇ ಉದ್ಧಾರವಾಯಿತೆಂದು ವರದಿ ಬರುತ್ತದೆ. ನಡುವಿನ ಮನೆ ಅದೇ 9 ಸಾವಿರದಲ್ಲಿ ಕೂತಿರುತ್ತದೆ.

ಇದು ಕಟ್ಟಿದ ಲೆಕ್ಕ, ನಿಜ. ಆದರೆ ದೇಶದ ನಿಜವಾದ ಲೆಕ್ಕವೂ ಇದೇ ಆಕಾರದಲ್ಲಿದೆ. 2004-05ರಲ್ಲಿ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಎಂಬುದು 41 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹೋಗಿ ವರಮಾನವನ್ನೇ ಕೇಳಿತು. ಸರಾಸರಿ ವರ್ಷಕ್ಕೆ 47,804 ರೂಪಾಯಿ ಬಂತು. ನಡುವಿನ ಮನೆಯದು 27,857. ಸರಾಸರಿಯ ಅರವತ್ತು ಪಾಲಿಗೂ ನಡುವಿನ ಮನೆ ಮುಟ್ಟಲಿಲ್ಲ.

ಗೆಳೆಯರೇ, ಈ ಜಗಳ ಹೊಸದಲ್ಲ. 1963ರಲ್ಲಿ ರಾಮಮನೋಹರ ಲೋಹಿಯಾ ಅವರು ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಹೋದರು. ಈ ದೇಶದಲ್ಲಿ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ಪ್ರಧಾನಿ ನೆಹರೂ ಅವರು ಮೂರಲ್ಲ, ಹದಿನೈದಾಣೆ ಎಂದರು. ಆಮೇಲೆ ಮಂತ್ರಿ ನಂದಾ ಅವರ ಬಾಯಲ್ಲಿ ಏಳೂವರೆ ಆಣೆ ಬಂತು. ಮೂರಾಣೆಯ ಚರ್ಚೆ ಎಂದು ಅದಕ್ಕೆ ಹೆಸರೇ ಬಿತ್ತು. ಮೂರೋ ಏಳೂವರೆಯೋ ಎಂದು ಇಂದಿಗೂ ವಾದಿಸುವವರಿದ್ದಾರೆ. ನಾನು ಆ ವಾದಕ್ಕೆ ಹೋಗುವುದಿಲ್ಲ. ನೋಡಬೇಕಾದದ್ದು ಬೇರೆ. 1961ರ ಜನಗಣತಿಯಲ್ಲಿ ದೇಶದ ಜನ ಸುಮಾರು 44 ಕೋಟಿ. ಅದರಲ್ಲಿ 27 ಕೋಟಿ ಎಂದರೆ ಅರ್ಧಕ್ಕಿಂತ ಹೆಚ್ಚು. ಹಾಗಿದ್ದ ಮೇಲೆ ಸಾಲಿನ ನಡುವೆ ನಿಂತ ಮನುಷ್ಯ ಆ 27 ಕೋಟಿಯೊಳಗೇ ನಿಂತಿರಬೇಕಲ್ಲವೇ? ಒಬ್ಬರು ಸರಾಸರಿಯನ್ನು ಹೇಳುತ್ತಿದ್ದರು, ಇನ್ನೊಬ್ಬರು ನಡುವಿನವನನ್ನೂ ಅವನ ಕೆಳಗಿನವರನ್ನೂ ಹೇಳುತ್ತಿದ್ದರು. ಹದಿನೈದಾಣೆಯಲ್ಲಿ ಬಿರ್ಲಾ ಅವರ ಪಾಲೂ ಸೇರಿತ್ತು.

ಹಾಗಾದರೆ ನಮ್ಮ ತಾಲೂಕಿನ ನಡುವಿನ ಮನೆಯ ಅಂಕಿಯನ್ನು ಯಾವ ಪುಸ್ತಕದಲ್ಲಿ ನೋಡಬೇಕು ಎಂದು ಕೇಳುತ್ತೀರಿ. ಜಿಲ್ಲೆಯ ತಲಾ ವರಮಾನ ಎಂದು ಸರ್ಕಾರ ಪ್ರತಿವರ್ಷ ಅಚ್ಚು ಹಾಕುತ್ತದೆ. ಅದು ಜಿಲ್ಲೆಯ ಒಟ್ಟು ಉತ್ಪನ್ನದ ಬೆಲೆಯನ್ನು ತಲೆಗಳಿಂದ ಭಾಗಿಸಿದ್ದು. ಬಿಕ್ಕೋಡು, ಅರೇಹಳ್ಳಿ ಕಡೆಯ ತೋಟದ ಕಾಫಿ ಹಾಸನ ಜಿಲ್ಲೆಯ ಉತ್ಪನ್ನವೇ ಸರಿ. ತೋಟದ ಧಣಿ ಬೆಂಗಳೂರಿನಲ್ಲಿದ್ದರೆ ಅದರ ಲಾಭ ಬೆಂಗಳೂರಿನ ಮನೆಗೆ ಹೋಗುತ್ತದೆ. ಲೆಕ್ಕದಲ್ಲಿ ಮಾತ್ರ ಅದನ್ನು ಹಳೇಬೀಡಿನ ಜೋಳದ ಹೊಲದವನ ತಲೆಯ ಮೇಲೂ ಹಂಚಿರುತ್ತಾರೆ. ಒಂದೇ ಬೇಲೂರು ತಾಲೂಕು. ಪಡುವಲಲ್ಲಿ ಮಳೆಕಾಡು, ಮೂಡಲಲ್ಲಿ ಮುಗಿಲು ನೋಡುವ ಬಯಲು. ಇವೆರಡನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಊರು ಭೂಮಿಯ ಮೇಲೆ ಎಲ್ಲೂ ಇಲ್ಲ.

ಲೆಕ್ಕ ಬರೆಯುವ ಅಭ್ಯಾಸ ನಮ್ಮ ಸೀಮೆಗೆ ಹೊಸದೂ ಅಲ್ಲ. ಬೇಲೂರಿನ ಗುಡಿ 1117ರದು, ನಮ್ಮ ಅರಸೀಕೆರೆಯ ಶಿವಾಲಯ 1220ರದು. ಬೇಲೂರು ಹಳೇಬೀಡಿನ ಗುಡಿಗಳಿಗೆ 2023ರಲ್ಲಿ ಯುನೆಸ್ಕೋ ಮನ್ನಣೆ ಬಂದಾಗ ನಾವೂ ಹೆಮ್ಮೆ ಪಟ್ಟೆವು. ಆ ಕಾಲದ ಶಾಸನಗಳಲ್ಲಿ ದಾನ ಕೊಟ್ಟ ಗದ್ಯಾಣದ ಲೆಕ್ಕವಿದೆ, ಗದ್ದೆಯ ಎಲ್ಲೆಯಿದೆ. ಶಿಲ್ಪಿಗಳು ತಮ್ಮ ಹೆಸರನ್ನೂ ಕೊರೆದಿದ್ದಾರೆ. ಬಳಪದ ಕಲ್ಲನ್ನು ಗಾಡಿಯಲ್ಲಿ ಎಳೆದು ತಂದವನ ಮನೆಯ ಲೆಕ್ಕ ಮಾತ್ರ ಇಲ್ಲ. ಎಂಟುನೂರು ವರ್ಷ ಆದರೂ ಆ ಸಾಲು ಖಾಲಿಯೇ ಇದೆ.

ಯಾಕೆ ಖಾಲಿ? ಕೇಳಲಿಲ್ಲವೆಂದಲ್ಲ. 1950ರಲ್ಲಿ ಪ್ರೊಫೆಸರ್ ಮಹಾಲನೋಬಿಸ್ ಅವರ ಮುಂದಾಳುತನದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. 1955ರ ಸುತ್ತಿನಲ್ಲಿ, ಆಮೇಲೆ 1958-59ರಲ್ಲಿ, ಮತ್ತೆ 1964-65 ಮತ್ತು 1969-70ರಲ್ಲಿ ಮನೆಮನೆಯ ವರಮಾನವನ್ನು ಕೇಳಿ ನೋಡಿದರು. ಬಂದ ಉತ್ತರ ವಿಚಿತ್ರ. ಜನ ಹೇಳಿದ ವರಮಾನವು, ಅದೇ ಜನ ಮಾಡಿದ ಖರ್ಚು ಮತ್ತು ಉಳಿತಾಯವನ್ನು ಕೂಡಿದ್ದಕ್ಕಿಂತ ಕಡಿಮೆ! ಬಂದದ್ದು ಹತ್ತು, ಉಂಡು ಉಳಿಸಿದ್ದು ಹದಿಮೂರು ಎಂಬಂತೆ. ಇದು ನಂಬುವಂಥದಲ್ಲವೆಂದು ಬಿಟ್ಟುಬಿಟ್ಟರು. ಅಂದಿನಿಂದ ಎಲ್ಲ ಮನೆಗಳಿಗೂ ಖರ್ಚನ್ನು ಕೇಳುತ್ತಾರೆ. 2023-24ರಲ್ಲಿ ಹಳ್ಳಿಯ ತಲೆಗೆ ತಿಂಗಳ ಖರ್ಚು ದೇಶದ ಸರಾಸರಿ 4,122 ರೂಪಾಯಿ ಎಂದು ಬಂದದ್ದು ಆ ಬಗೆಯ ಲೆಕ್ಕ. ಸಾಲ ಮಾಡಿ ಆಸ್ಪತ್ರೆಗೆ ಕಟ್ಟಿದ್ದೂ ಖರ್ಚೇ ಎಂಬುದನ್ನು ಮರೆಯಬೇಡಿ. ಖರ್ಚು ಹೆಚ್ಚಾಯಿತೆಂದರೆ ಸುಖ ಹೆಚ್ಚಾಯಿತೆಂದು ಅರ್ಥವಲ್ಲ. ಒಕ್ಕಲು ಮನೆಗಳ ವರಮಾನವನ್ನು ಮಾತ್ರ 2003, 2012-13, 2018-19 ಹೀಗೆ ಮೂರು ಸಲ ಬೇರೆಯಾಗಿ ಕೇಳಿದ್ದಾರೆ. ದೇಶದ ಎಲ್ಲ ಮನೆಗಳ ವರಮಾನದ ಸಮೀಕ್ಷೆಯನ್ನು 2026ರಲ್ಲಿ ನಡೆಸುವುದೆಂದು ಕೇಂದ್ರ ಸರ್ಕಾರ 2025ರಲ್ಲಿ ಸಾರಿತು. ಮೊದಲು ಪರೀಕ್ಷೆಗೆಂದು ಕೆಲವು ಮನೆಗಳಲ್ಲಿ ಕೇಳಿ ನೋಡಿದಾಗ, ಇದು ಹೇಳಬಾರದ ಗುಟ್ಟು ಎಂದೇ ಬಹುತೇಕ ಜನ ಭಾವಿಸಿದರಂತೆ.

ಜನ ಸುಳ್ಳರೆಂದು ನಾನು ಹೇಳುವುದಿಲ್ಲ. ಹೆಣ್ಣು ಕೇಳಲು ಹೋದಾಗ ಹತ್ತು ಎಕರೆ, ಕಾರ್ಡಿನವರು ಬಂದಾಗ ಎರಡು ಎಕರೆ ಎನ್ನುವುದು ನಮ್ಮೆಲ್ಲರ ಮನೆಯ ಮಾತೇ. ನಗಬೇಡಿ, ಇಲ್ಲಿ ಕೂತವರಲ್ಲೂ ಇದ್ದಾರೆ. ಆದರೆ ಬಹಳ ಸಲ ಮನುಷ್ಯನಿಗೆ ತನ್ನ ವರಮಾನ ನಿಜಕ್ಕೂ ತಿಳಿದಿರುವುದಿಲ್ಲ. ಅಂಗಡಿಯ ಬಂಧುಗಳನ್ನು ಕೇಳುತ್ತೇನೆ: ಸಂಜೆ ಗಲ್ಲಾಪೆಟ್ಟಿಗೆಯಲ್ಲಿ ಇದ್ದದ್ದೆಲ್ಲ ನಿಮ್ಮ ವರಮಾನವೇ? ಮಾಲಿನ ದುಡ್ಡು, ಬಾಡಿಗೆ, ಕರೆಂಟು, ಬಾರದ ಉದ್ದರಿ ಎಲ್ಲ ಕಳೆದು, ಮನೆಗೆ ತೆಗೆದುಕೊಂಡು ಹೋದ ಬೇಳೆ ಬೆಲ್ಲ ಕೂಡಿಸಿ, ಹೆಂಡತಿ ಮಗ ಅಂಗಡಿಯಲ್ಲಿ ನಿಂತ ಹೊತ್ತನ್ನು ಏನೆಂದು ಬರೆಯುತ್ತೀರಿ? ಗಿರಣಿಯ ಗೆಳೆಯರಿಗೆ ಬಟವಾಡೆಯಾದರೂ ಉಂಟು, ಎಣಿಸಬಹುದು. ಅವರಿಗೂ ಗಿರಣಿ ನಿಂತ ವಾರ ಲೆಕ್ಕಕ್ಕೆ ಸಿಗುವುದಿಲ್ಲ.

ಇನ್ನು ನಮ್ಮ ಕೊಬ್ಬರಿ. ಇದರ ಹಾಗೆ ಲೆಕ್ಕಿಗನನ್ನು ಕುಣಿಸುವ ಬೆಳೆ ಇನ್ನೊಂದಿಲ್ಲ. ಬಲಿತ ಕಾಯಿಯನ್ನು ಕೆಡವಿ ಅಟ್ಟಕ್ಕೆ ಹಾಕುತ್ತೀರಿ. ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಒಣಗಿ, ಒಳಗೆ ಗುಡುಗುಡು ಎಂದಾಗ ಸುಲಿದು, ಚಿಪ್ಪೊಡೆದು ಉಂಡೆ ತೆಗೆಯುತ್ತೀರಿ. ಬೆಲೆ ಇಲ್ಲದಿದ್ದರೆ, ತಾಳುವ ಶಕ್ತಿಯಿದ್ದವನು ಇನ್ನಷ್ಟು ದಿನ ಇಡುತ್ತಾನೆ. ಸಾಲಗಾರ ಬಾಗಿಲಲ್ಲಿ ನಿಂತವನು ಆ ವಾರವೇ ಮಾರುತ್ತಾನೆ. ಆ ಕಾಯಿ ಯಾವ ವರ್ಷದ ವರಮಾನ? ಬೆಳೆದ ವರ್ಷದ್ದೋ, ಒಣಗಿದ ವರ್ಷದ್ದೋ, ಮಾರಿದ ವರ್ಷದ್ದೋ? 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಇತ್ತು; ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು ತಿಪಟೂರಿನಲ್ಲೂ ಇಲ್ಲೂ ರೈತರು ಬೀದಿಗಿಳಿದರು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. 2023ರಲ್ಲಿ ಬಂದು ಕೇಳಿದವನೂ 2025ರಲ್ಲಿ ಬಂದು ಕೇಳಿದವನೂ ತಮ್ಮ ತಮ್ಮ ಅಂಕಿಗಳನ್ನು ಪಕ್ಕದಲ್ಲಿಟ್ಟರೆ, ಅರಸೀಕೆರೆ ಎರಡು ವರ್ಷದಲ್ಲಿ ಕುಬೇರನ ಊರಾಯಿತೆಂದು ಹೇಳಬೇಕಾಗುತ್ತದೆ. ಮರ ಅವೇ, ನೆಲ ಅದೇ. ಮರಕ್ಕೆ ರೋಗ ತಗಲಿ ಕಾಯಿ ಉದುರಿಹೋದವನಿಗೆ 20 ಸಾವಿರದ ಬೆಲೆ ಬಂದರೂ ಏನು ಬಂತು?

ಇದಕ್ಕೆ ಮದ್ದು ಇಲ್ಲವೇ ಎಂದರೆ, ಇದೆ. ಅಮೆರಿಕದಲ್ಲಿ ಕೌಂಟಿ ಎಂದರೆ ನಮ್ಮ ತಾಲೂಕು ಜಿಲ್ಲೆಗಳ ನಡುವಿನ ಒಂದು ಅಳತೆ. ಅಲ್ಲಿ ಪ್ರತಿ ಕೌಂಟಿಯ ನಡುವಿನ ಮನೆಯ ವರಮಾನವನ್ನೇ ಅಚ್ಚು ಹಾಕುತ್ತಾರೆ. ಚಿಕ್ಕ ಕೌಂಟಿಯಲ್ಲಿ ಒಂದು ವರ್ಷಕ್ಕೆ ಸಿಗುವ ಮನೆಗಳು ಕಡಿಮೆ. ನಾಲ್ಕು ಮನೆ ಆ ಕಡೆ ಈ ಕಡೆ ಆದರೆ ಅಂಕಿ ಹಾರಾಡುತ್ತದೆ. ಆದುದರಿಂದ 65 ಸಾವಿರಕ್ಕಿಂತ ಕಡಿಮೆ ಜನ ಇರುವ ಕಡೆ ಐದು ವರ್ಷಗಳ ಉತ್ತರಗಳನ್ನು ಒಟ್ಟು ಸೇರಿಸಿ ಹೇಳುತ್ತಾರೆ. ಅಂಕಿಯ ಪಕ್ಕದಲ್ಲೇ ಇಷ್ಟು ಹೆಚ್ಚುಕಡಿಮೆ ಇರಬಹುದೆಂದೂ ಬರೆಯುತ್ತಾರೆ. ಇನ್ನೊಂದು ಬಗೆಯಲ್ಲಿ ತೆರಿಗೆಯ ಪತ್ರಗಳು, ಬಡವರ ಆಹಾರದ ನೆರವಿನ ಪಟ್ಟಿ ಇವುಗಳಿಂದಲೂ ಆಸರೆ ಪಡೆದು ಅಂದಾಜು ಮಾಡುತ್ತಾರೆ. ನಮ್ಮಲ್ಲಿ ಬೇಸಾಯದ ವರಮಾನಕ್ಕೆ ಕೇಂದ್ರದ ತೆರಿಗೆಯೇ ಇಲ್ಲ, ಪತ್ರ ಎಲ್ಲಿಂದ ಬರಬೇಕು? ಆದರೆ ಮೊದಲನೆಯ ಪಾಠವನ್ನು ನಾವು ತೆಗೆದುಕೊಳ್ಳಬಹುದು. ಕೊಬ್ಬರಿಯ ಸೀಮೆಯಲ್ಲಿ ಒಂದು ವರ್ಷದ ಅಂಕಿಯನ್ನು ಯಾರೂ ನಂಬತಕ್ಕದ್ದಲ್ಲ. ಮೂರೋ ಐದೋ ವರ್ಷ ಕೂಡಿಸಿ ನೋಡಬೇಕು.

ಕಾಲದಿಂದ ಕಾಲಕ್ಕೆ ಹೋಲಿಸುವಾಗ ಇನ್ನೊಂದು ಗುಂಡಿ ಇದೆ, ಅದು ಬೆಲೆ ಏರಿಕೆ. 2012-13ರಲ್ಲಿ ದೇಶದ ಒಕ್ಕಲು ಮನೆಯ ಸರಾಸರಿ ತಿಂಗಳಿಗೆ 6,426, 2018-19ರಲ್ಲಿ 10,218. ನೂರಕ್ಕೆ 59 ಏರಿತೆಂದು ಡಂಗುರ. ಆ ಆರು ವರ್ಷಗಳಲ್ಲಿ ಹಳ್ಳಿಯ ಬೆಲೆಗಳೂ ಮೂರನೆಯ ಒಂದು ಪಾಲಿಗೆ ಮಿಕ್ಕಿ ಏರಿದ್ದವು. ಅದನ್ನು ಕಳೆದರೆ ನಿಜವಾದ ಏರಿಕೆ ಐದರಲ್ಲಿ ಒಂದು ಪಾಲೂ ಅಲ್ಲ. ಅದರೊಳಗೂ ನೋಡಿ: 10,218ರಲ್ಲಿ ಬೆಳೆಯಿಂದ ಬಂದದ್ದು 3,798, ಕೂಲಿ ಸಂಬಳದಿಂದ ಬಂದದ್ದು 4,063. ರೈತ ಎನ್ನುವವನ ಮನೆಯಲ್ಲಿ ಬೆಳೆಗಿಂತ ಕೂಲಿಯೇ ಮುಂದಾಯಿತು! ನಮ್ಮ ಜಂಕ್ಷನ್ನಿನಲ್ಲಿ ಬೆಳಗಿನ ರೈಲಿಗೆ ನಿಂತವರನ್ನು ನೋಡಿದರೆ ಇದಕ್ಕೆ ಬೇರೆ ಸಾಕ್ಷಿ ಬೇಡ. ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದ ಮಗಳು ಕಳಿಸುವ ದುಡ್ಡು ಮನೆಯ ವರಮಾನವೋ, ಅವಳೇ ಬೇರೆ ಸಂಸಾರವೋ? ಅಣ್ಣತಮ್ಮಂದಿರು ಪಾಲಾಗಿ ಒಂದು ಒಲೆ ಮೂರಾದರೆ ಯಾರ ಕೂಲಿಯೂ ಕಡಿಮೆಯಾಗದೆ ಪ್ರತಿ ಮನೆಯ ವರಮಾನ ಮಾತ್ರ ಇಳಿಯುತ್ತದೆ. ಹೋಲಿಸುವವನು ಒಲೆಯನ್ನೂ ಎಣಿಸಬೇಕು, ಒಲೆಯ ಸುತ್ತ ಕೂತ ತಲೆಗಳನ್ನೂ ಎಣಿಸಬೇಕು.

ಇದನ್ನೆಲ್ಲ ಸರಿಯಾಗಿ ಮಾಡಿದವರು ನಮ್ಮ ನೆರೆಯಲ್ಲೇ ಇದ್ದರು. ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬಾಕೆ 1954ರಿಂದ 56ರವರೆಗೆ ಮಂಡ್ಯದ ಕಡೆ ವಂಗಲ, ದಲೇನ ಎಂಬ ಹೆಸರಿನಿಂದ ಬರೆದ ಎರಡು ಹಳ್ಳಿಗಳಲ್ಲಿ ಕೂತು ಮನೆಗಳ ಆಯವ್ಯಯ ಬರೆದುಕೊಂಡರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. 1970ರಲ್ಲಿ ಮತ್ತೆ ಅದೇ ಹಳ್ಳಿಗಳಿಗೆ ಬಂದರು. ಊರಿನ ಸಂಪತ್ತು ಬೆಳೆದಿತ್ತು. ಉಳ್ಳವರಿಗೂ ಇಲ್ಲದವರಿಗೂ ಇದ್ದ ಅಂತರವೂ ಬೆಳೆದಿತ್ತು. ಸರಾಸರಿಯಷ್ಟನ್ನೇ ನೋಡಿದ್ದರೆ ಇದರ ಮೊದಲನೆಯ ಅರ್ಧ ಮಾತ್ರ ತಿಳಿಯುತ್ತಿತ್ತು. 2009ರಲ್ಲಿ ಮಂಡ್ಯದ ಆಲಬೂಜನಹಳ್ಳಿ, ಕೋಲಾರದ ಸಿರೆಸಂದ್ರ, ಕಲಬುರಗಿಯ ಝಾಪುರ ಈ ಮೂರು ಊರುಗಳಲ್ಲಿ ಮನೆಮನೆಗೆ ಹೋಗಿ, ಹೊಲ ಹೊಲಕ್ಕೆ ಬೀಜ ಗೊಬ್ಬರ ಕೂಲಿ ಎಲ್ಲ ಕೇಳಿ ವರಮಾನ ಕಟ್ಟಿದವರೂ ಇದ್ದಾರೆ. "ನಿನ್ನ ವರಮಾನವೆಷ್ಟು?" ಎಂದು ಅವರು ಕೇಳಲಿಲ್ಲ. ಎಷ್ಟು ಬಿತ್ತಿದೆ, ಎಷ್ಟು ಬಂತು, ಎಷ್ಟು ಉಂಡೆ, ಎಷ್ಟು ಮಾರಿದೆ, ಎಷ್ಟು ದಿನ ಕೂಲಿಗೆ ಹೋದೆ ಎಂದು ಕೇಳಿದರು. ನಮ್ಮ ಆ ತಾಯಿಗೂ ಇದಕ್ಕೆ ಉತ್ತರ ಗೊತ್ತಿತ್ತು. ಗುಮಾಸ್ತರು ಕೇಳಿದ ಪ್ರಶ್ನೆಗೆ ಮಾತ್ರ ಗೊತ್ತಿರಲಿಲ್ಲ.

ನಡುವಿನ ಮನೆಯಲ್ಲಿ ಇನ್ನೊಂದು ಅನುಕೂಲವಿದೆ. ಅದಕ್ಕೆ ಎಲ್ಲರ ಅಂಕಿ ಪೈಸೆ ಪೈಸೆಗೆ ಸರಿಯಾಗಿರಬೇಕಾಗಿಲ್ಲ. ಸಾಹುಕಾರರು ತಮ್ಮ 1 ಲಕ್ಷ 20 ಸಾವಿರವನ್ನು 60 ಸಾವಿರವೆಂದು ಸುಳ್ಳು ಹೇಳಿದರೂ ಸಾಲಿನಲ್ಲಿ ಅವರ ಜಾಗ ಕೊನೆಯದೇ, ನಡುವಿನ ಮನೆ ಕದಲುವುದಿಲ್ಲ. ಇಂತಿಷ್ಟಕ್ಕಿಂತ ಕೆಳಗೋ ಮೇಲೋ ಎಂದು ತಿಳಿದರೂ ಅರ್ಧ ಕೆಲಸವಾಯಿತು. 2011ರ ಸಾಮಾಜಿಕ ಆರ್ಥಿಕ ಗಣತಿಯಲ್ಲಿ ಹಳ್ಳಿಯ ಪ್ರತಿ ಮನೆಯಲ್ಲೂ, ನಿಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವವರ ಗಳಿಕೆ ತಿಂಗಳಿಗೆ 5 ಸಾವಿರದೊಳಗೋ, 10 ಸಾವಿರದೊಳಗೋ, ಅದಕ್ಕೂ ಮೇಲೋ ಎಂದಷ್ಟೇ ಕೇಳಿದರು. ದೇಶದ ಹಳ್ಳಿಗಳಲ್ಲಿ ನೂರಕ್ಕೆ 74 ಮನೆಗಳು 5 ಸಾವಿರದೊಳಗೇ ನಿಂತವು. ನಡುವಿನ ಮನೆ ಐವತ್ತನೆಯದು. ಎಲ್ಲಿ ನಿಂತಿತೆಂದು ನೀವೇ ಹೇಳಿ. ಮನೆಯ ಒಟ್ಟು ವರಮಾನ ಕೇಳಲಿಲ್ಲವೆಂಬುದು ಅದರ ಕೊರತೆ, ಒಪ್ಪುತ್ತೇನೆ.

ಈಗ ಕೆಲಸದ ಮಾತಿಗೆ ಬರುತ್ತೇನೆ. ಕಾರ್ಡಿನ ಗದ್ದಲ ಇನ್ನೊಮ್ಮೆ ಎದ್ದಾಗ ಕೈಯಲ್ಲಿ ನಮ್ಮದೇ ಅಂಕಿ ಇರಬೇಕು. ಅರಸೀಕೆರೆ ಕಸಬೆಯ ಜೊತೆಗೆ ಬಾಣಾವರ, ಜಾವಗಲ್, ಕಣಕಟ್ಟೆ, ಗಂಡಸಿ. ಆ ಕಡೆ ಹಳೇಬೀಡು, ಮಾದಿಹಳ್ಳಿ, ಬಿಕ್ಕೋಡು, ಅರೇಹಳ್ಳಿ. ಹೋಬಳಿಗೆ ಮೂರು ಹಳ್ಳಿ, ಹಳ್ಳಿಗೆ ಮೂವತ್ತು ಮನೆ. ಮನೆಗಳನ್ನು ನಾವು ಆರಿಸಬಾರದು. ನಮ್ಮವರ ಮನೆಗೇ ಹೋಗುತ್ತೇವೆ, ಅದು ಮನುಷ್ಯ ಸ್ವಭಾವ. ಪಂಚಾಯಿತಿಯ ಪಟ್ಟಿಯಲ್ಲಿ ಇಷ್ಟಿಷ್ಟು ಮನೆಗೊಂದು ಎಂದು ಎಣಿಸಿಕೊಂಡು ಹೋಗಬೇಕು. ಕೇರಿ ಬಿಟ್ಟುಹೋಗಬಾರದು, ತೋಟದ ಲೈನಿನ ಮನೆಗಳು ಬಿಟ್ಟುಹೋಗಬಾರದು, ಬಾಗಿಲು ಹಾಕಿದ್ದ ಮನೆಗೆ ಮತ್ತೊಂದು ದಿನ ಹೋಗಬೇಕು. ಹೆಂಗಸರು ಮನೆಯಲ್ಲಿದ್ದಾಗ ಹೋಗಿ ಅವರನ್ನೇ ಕೇಳುವುದು ಮೇಲು. ಹಾಲಿನ ಲೆಕ್ಕ, ಸಂಘದ ಸಾಲದ ಕಂತು ಗಂಡಸರಿಗೆ ತಿಳಿದಿರುವುದಿಲ್ಲ. ಪುಸ್ತಕದಲ್ಲಿ ಹೆಸರು ಬರೆಯಬೇಡಿ, ಅಂಕೆ ಹಾಕಿ. ಹೆಸರು ಬರೆದಿರೋ, ನಾಳೆ ಯಾರದಾದರೂ ಕಾರ್ಡು ಹೋದರೆ ನಿಮ್ಮ ಪುಸ್ತಕದಿಂದಲೇ ಹೋಯಿತೆನ್ನುತ್ತಾರೆ, ಎರಡನೆಯ ಸಲ ಯಾರೂ ಬಾಗಿಲು ತೆಗೆಯುವುದಿಲ್ಲ. ನಮಗೆ ಎರಡನೆಯ ಸಲವೂ ಬೇಕು, ಮೂರನೆಯ ವರ್ಷವೂ ಬೇಕು, ಅದೇ ಮನೆಗಳೇ ಬೇಕು.

ಪ್ರಶ್ನೆಗಳ ಹಾಳೆ ಒಂದು ಬರೆದು ತಂದಿದ್ದೇನೆ. ಅಂಗಡಿಯವರಿಗೆ ಬೇರೆ, ಒಕ್ಕಲಿಗೆ ಬೇರೆ, ಕೂಲಿಯವರಿಗೆ ಬೇರೆ. ಮೊದಲು ಇಲ್ಲಿ ಕೂತಿರುವ ನಾವೇ ನಮ್ಮ ನಮ್ಮ ಮನೆಯ ಹಾಳೆಯನ್ನು ತುಂಬಿ ನೋಡೋಣ. ಎಲ್ಲಿ ಕೈ ತಡೆಯುತ್ತದೆ, ಯಾವ ಪ್ರಶ್ನೆಗೆ ನಾವೇ ಸುಳ್ಳು ಬರೆಯಲು ನೋಡುತ್ತೇವೆ ಎಂಬುದು ಆಗ ತಿಳಿಯುತ್ತದೆ. ಆ ಪ್ರಶ್ನೆಯನ್ನು ತಿದ್ದಿಕೊಂಡು ಹಳ್ಳಿಗೆ ಹೋಗೋಣ. ಹಾಳೆ ಅಧ್ಯಕ್ಷರ ಮೇಜಿನ ಮೇಲಿದೆ.